ಏಳನೆಯ ಕಾರ್ಡಿನ ಹಿಂಬದಿ

“ಗಡಿಯಾರ, ಮೀನು, ಗುಲಾಬಿ. ಮೂರಕ್ಕೂ ಹೊಂದೋ ಒಂದೇ ಒಂದು ಪದ ಹೇಳಿ ನೋಡೋಣ,” ಎಂದರು ಪ್ರೂಫಮ್ಮ.

ಬಸ್ ನಿಲ್ದಾಣದ ಸಿಮೆಂಟ್ ಬೆಂಚಿನ ಮೇಲೆ ಅವರು ಕೂತಿದ್ದರು, ಮಡಿಲಲ್ಲಿ ಊಟದ ಡಬ್ಬಿ. ನಾನು ಎದುರಿಗೆ ನಿಂತಿದ್ದೆ, ಕೈಯಲ್ಲಿ ಡೈರೆಕ್ಟರು ಕೊಟ್ಟ ನೋಟಿಸು. ಕೂರಿ ಎಂದು ಅವರು ಹೇಳಲಿಲ್ಲ. ಕೂರುವ ಮುಖ ನನಗೂ ಇರಲಿಲ್ಲ.

“ವಾಸನೆ,” ಎಂದೆ.

“ಗಡಿಯಾರಕ್ಕೆ ವಾಸನೆ ಇರುತ್ತಾ?”

“ಇಲ್ಲ.”

“ಎರಡಕ್ಕೆ ಹೊಂದ್ತು, ಅಲ್ಲಿಗೆ ನಿಲ್ಲಿಸಿಬಿಟ್ರಿ. ಮುಳ್ಳು ಅದು. ಗಡಿಯಾರದ ಮುಳ್ಳು, ಮೀನಿನ ಮುಳ್ಳು, ಗುಲಾಬಿ ಮುಳ್ಳು. ನನ್ನ ವಿಷಯದಲ್ಲೂ ನೀವು ಹೀಗೇ ಮಾಡಿದ್ದು.”

ಮೂರು ದಿನದ ಹಿಂದೆ, ಪರೀಕ್ಷಾ ಕಚೇರಿಯ ಹನ್ನೊಂದು ಜನರ ಎದುರು, ಅಲ್ಲಿ ಪ್ರಶ್ನೆಪತ್ರಿಕೆಯ ಅಚ್ಚುತಪ್ಪು ತಿದ್ದುವ ಇವರ ಚೀಲವನ್ನು ಮೇಜಿನ ಮೇಲೆ ಸುರಿದು, ಪರೀಕ್ಷೆಯ ಪದಗಳನ್ನು ಹೊರಗೆ ಬಿಟ್ಟ ಕಳ್ಳಿ ಇವರೇ ಎಂದು ಸಾರಿದವನು ನಾನು.

ಆ ಪರೀಕ್ಷೆ ಇಂಥದೇ ಪದಗಳದ್ದು. ವಿನ್ಯಾಸ ಶಾಲೆಗೆ ಸೇರಬಯಸುವವರಿಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದ ಕೊಡುತ್ತಾರೆ. ಮೂರನ್ನೂ ಕಟ್ಟುವ ನಾಲ್ಕನೆಯದನ್ನು ಅವರು ಹುಡುಕಬೇಕು. ಕೈಗೆಟುಕುವ ಉತ್ತರವನ್ನು ಬಿಟ್ಟು ದೂರದ್ದಕ್ಕೆ ಹೋಗಬಲ್ಲವರಿಗೆ ಹೊಸದಾಗಿ ಯೋಚಿಸುವ ಶಕ್ತಿ ಇದೆ ಎಂದು ಕಚೇರಿಯ ನಂಬಿಕೆ. ಈ ವರ್ಷ ಪರೀಕ್ಷೆ ಮುಗಿದ ಮೇಲೆ ಕೊಠಡಿಯ ಬೆಂಚಿನ ಕೆಳಗೆ ಒಂದು ಜೆರಾಕ್ಸ್ ಹಾಳೆ ಸಿಕ್ಕಿತು. ಹನ್ನೆರಡು ಪ್ರಶ್ನೆಗಳು, ಪಕ್ಕದಲ್ಲೇ ಹನ್ನೆರಡು ಉತ್ತರಗಳು. ಆವತ್ತೇ ತನಿಖೆಗೆಂದು ನನ್ನನ್ನು ಕರೆಸಿದ್ದರು.

ಇಲ್ಲಿಗೆ ಬರುವ ಮೊದಲು ನಾನು ಪ್ರೂಫಮ್ಮನ ಮನೆಗೆ ಹೋಗಿದ್ದೆ. ಬಾಗಿಲು ತೆರೆದ ಅವರ ಅತ್ತೆ, “ಬೆಳಿಗ್ಗೇನೇ ಆಫೀಸಿಗೆ ಹೋದಳಲ್ಲಪ್ಪ, ಡಬ್ಬಿ ನಾನೇ ತುಂಬಿಕೊಟ್ಟೆ,” ಎಂದರು. ಕಚೇರಿಗೆ ಕಾಲಿಡಬಾರದೆಂದು ಸೊಸೆಗೆ ಅಪ್ಪಣೆಯಾದದ್ದು ಆ ಮುದುಕಿಗೆ ಗೊತ್ತೇ ಇರಲಿಲ್ಲ. ಏನೂ ಹೇಳದೆ ಮೆಟ್ಟಿಲಿಳಿದೆ. ಕಚೇರಿಯ ದಾರಿಯಲ್ಲೇ ಬರುತ್ತಿದ್ದಾಗ ಈ ನಿಲ್ದಾಣದಲ್ಲಿ ಅವರು ಕಂಡರು. ಮೂರು ದಿನದಿಂದ ಹೀಗೇ ಒಂಬತ್ತಕ್ಕೆ ಮನೆ ಬಿಟ್ಟು, ಐದೂವರೆವರೆಗೆ ಬರುವ ಹೋಗುವ ಬಸ್ಸುಗಳನ್ನು ನೋಡುತ್ತ ಕೂರುತ್ತಿದ್ದರು.

ಇಪ್ಪತ್ತು ವರ್ಷ ವಿಮಾ ಕಂಪನಿಗೆ ಕಳ್ಳ ಕ್ಲೇಮು ಹಿಡಿದುಕೊಟ್ಟವನು ನಾನು. ಸುಳ್ಳು ಹೇಳುವವರನ್ನು ನೋಡಿ ನಗುವುದು ನನಗೆ ಅಭ್ಯಾಸ. ಆ ಡಬ್ಬಿಯನ್ನು ನೋಡಿ ನಗಲಾಗಲಿಲ್ಲ.

“ನೋಟಿಸಲ್ಲಿ ಏನಂತೆ?” ಎಂದು ಕೇಳಿದರು.

“ಇವತ್ತು ನಾಲ್ಕು ಗಂಟೆಗೆ ಬರಬೇಕಂತೆ. ಎಲ್ಲರ ಎದುರು ತೀರ್ಮಾನ.”

“ತೀರ್ಮಾನ ಆಗಿದೆಯಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಹೋಗುತ್ತೆ. ಆಮೇಲೆ ಈ ಊರಲ್ಲಿ ಯಾವ ಪ್ರೆಸ್ಸಿನವರು ನನಗೆ ಕಾಗದ ಮುಟ್ಟೋಕೆ ಬಿಡ್ತಾರೆ?” ಅವರು ಕೈ ಚಾಚಿದರು. “ಆ ಜೆರಾಕ್ಸ್ ಹಾಳೆ ಕೊಡಿ ಇಲ್ಲಿ. ಅವತ್ತು ದೂರದಿಂದ ಆಡಿಸಿ ತೋರಿಸಿದ್ರಿ, ಓದೋಕೆ ಕೊಡಲಿಲ್ಲ.”

ಕೊಟ್ಟೆ. ಅವರು ಚೀಲದಿಂದ ಕಾಗದದ ಒಂದು ಪಟ್ಟಿ ತೆಗೆದು ಕೊನೆಯ ಸಾಲಿನ ಕೆಳಗಿಟ್ಟರು. ನನ್ನ ಮುಖ ಬಿಸಿಯಾಯಿತು. ಅವತ್ತು ನಾನು ಎತ್ತಿ ಹಿಡಿದ ಸಾಕ್ಷಿ ಇಂಥದೇ ಪಟ್ಟಿ. ರದ್ದಾದ ಪ್ರೂಫಿನಿಂದ ಕತ್ತರಿಸಿದ್ದು, ಅದರ ಮೇಲೆ ಪರೀಕ್ಷೆಯ ಮೂರು ಪದ ಅಚ್ಚಾಗಿದ್ದವು. ಸಾಲಿನ ಕೆಳಗೆ ಪಟ್ಟಿ ಇಟ್ಟುಕೊಂಡರೆ ಕಣ್ಣು ಜಾರುವುದಿಲ್ಲವೆಂದು ಪ್ರೂಫ್ ನೋಡುವವರೆಲ್ಲ ಹಾಗೆ ಮಾಡುತ್ತಾರಂತೆ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರು. ಏಳನೆಯ ಸಾಲಿನಲ್ಲಿ ಪಟ್ಟಿ ನಿಂತಿತು.

“ಇದನ್ನ ಓದಿ.”

“ಸೂಜಿ, ಆಲೂಗಡ್ಡೆ, ನವಿಲುಗರಿ. ಉತ್ತರ, ಕಣ್ಣು.”

“ಪರೀಕ್ಷೇಲಿ ಏನು ಬಂದಿತ್ತು?”

ಅಚ್ಚಾದ ಪ್ರಶ್ನೆಪತ್ರಿಕೆಯೂ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡಿದೆ. ಸೂಜಿ, ಆಲೂಗಡ್ಡೆ, ಚಂಡಮಾರುತ.

“ನನ್ನ ಮೇಜಿಗೆ ಮೊದಲನೇ ಪ್ರೂಫ್ ಬಂದಾಗಲೇ ಅಲ್ಲಿ ಚಂಡಮಾರುತ ಇತ್ತು. ಈ ನವಿಲುಗರೀನ ನಾನು ಕಂಡೇ ಇಲ್ಲ. ಇದು ಅಚ್ಚಿಗೆ ಬರೋ ಮುಂಚಿನದು, ಕಾರ್ಡಲ್ಲಿದ್ದಾಗಿನದು. ಅಷ್ಟಕ್ಕೂ ನನಗೆ ಪ್ರಶ್ನೆ ಮಾತ್ರ ಕೊಡ್ತಾರೆ, ಉತ್ತರ ಕೊಡೋದೇ ಇಲ್ಲ.”

ಎರಡೂ ಕಾಗದ ಒಂಬತ್ತು ದಿನದಿಂದ ನನ್ನ ಚೀಲದಲ್ಲಿ ಅಕ್ಕಪಕ್ಕ ಮಲಗಿದ್ದವು. ಒಮ್ಮೆಯೂ ಸಾಲಿಗೆ ಸಾಲು ಹೋಲಿಸಿರಲಿಲ್ಲ. ಒಟ್ಟಾರೆ ಹೊಂದುತ್ತದೆ ಎಂದು ಮಡಚಿಟ್ಟಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು ನನ್ನ ತನಿಖೆ.

“ಕ್ಷಮಿಸಿ,” ಎಂದೆ.

“ಹನ್ನೊಂದು ಜನರ ಎದುರು ಕಳ್ಳಿ ಅಂದು, ಬಸ್ ಸ್ಟ್ಯಾಂಡಲ್ಲಿ ಕ್ಷಮೆ ಕೇಳ್ತೀರಾ? ನಾಲ್ಕು ಗಂಟೆಗೆ ಅಲ್ಲೇ ಬಂದು ಕೇಳಿ.”

ನೋಟಿಸನ್ನು ತೊಡೆಯ ಮೇಲಿಟ್ಟುಕೊಂಡು ಅದರಲ್ಲಿದ್ದ ಎರಡು ತಪ್ಪುಗಳನ್ನು ತಿದ್ದಿ, ಆಮೇಲೆ ಸಹಿ ಹಾಕಿ ಕೊಟ್ಟರು.

*

ಪದಗಳನ್ನು ಹೆಣೆಯುವವಳು ನನ್ನ ಸ್ವಂತ ಅಕ್ಕ. ಈ ತನಿಖೆ ನನಗೆ ಸಿಕ್ಕಿದ್ದೂ ಅವಳ ಮಾತಿನಿಂದಲೇ. ಅವಳ ಮನೆಯ ಮಹಡಿಯ ಕೋಣೆಯಲ್ಲಿ ನನ್ನ ವಾಸ, ಕೆಳಗೆ ಅವಳ ಮನೆಯಲ್ಲಿ ಊಟ. ಕಚೇರಿಯಲ್ಲಿ ಅವಳ ಕಾರ್ಡುಕೋಣೆ ಇರುವುದು ಎರಡನೇ ಮಹಡಿಯಲ್ಲಿ. ಒಂದು ಕಿಟಕಿ, ಒಂದು ಮೇಜು, ಗೋಡೆ ತುಂಬ ಸಣ್ಣ ಸಣ್ಣ ಸೆಳೆಖಾನೆಗಳು.

ನಾನು ಹೋದಾಗ ಅವಳು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಗೋಡೆಯ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು.

“ಈ ವರ್ಷದ ಹನ್ನೆರಡು ಕಾರ್ಡು ಬೇಕಿತ್ತಕ್ಕ. ಏಳನೇದರ ಹಳೇದೂ ಇದ್ದರೆ ಕೊಡು. ನವಿಲುಗರಿ ಇದ್ದದ್ದು.”

ಪೆನ್ಸಿಲ್ ತಿರುಗುವುದು ನಿಂತಿತು. “ಪ್ರೂಫಮ್ಮ ಹೇಳಿದಳಾ?”

“ಹೌದು.”

“ಅವಳ ಕಣ್ಣು ಚೆನ್ನಾಗಿದೆ,” ಎಂದಳು. ಎದ್ದು ಹೋಗಿ ಒಂದು ಸೆಳೆಖಾನೆ ಎಳೆದಳು. ನಿಧಾನ ಮಾಡಿದಳೇ ಹೊರತು ಇಲ್ಲವೆನ್ನಲಿಲ್ಲ.

ಆ ಕಾರ್ಡುಗಳ ಪದ್ಧತಿಯನ್ನು ಹೇಳಬೇಕು. ಮುಂದೆ ಮೂರು ಪದ, ಹಿಂದೆ ಹದ ನೋಡಿದ ಟಿಪ್ಪಣಿ. ಹೊಸ ಪ್ರಶ್ನೆ ಹುಟ್ಟಿದ ಕೂಡಲೇ ಅದನ್ನು ಯಾರಾದರೂ ಒಬ್ಬರಿಗೆ ಹಾಕಿ ನೋಡಬೇಕು. ಎಷ್ಟು ಸೆಕೆಂಡಿಗೆ ಉತ್ತರ ಬಂತು, ಬರುವ ಮುಂಚೆ ಯಾವ ತಪ್ಪು ಪದ ನಾಲಿಗೆಗೆ ಬಂತು, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಡಬೇಕು. ಅಕ್ಕನಿಗೆ ಸರಿಯುತ್ತರಕ್ಕಿಂತ ತಪ್ಪು ಉತ್ತರದ ಮೇಲೇ ಪ್ರೀತಿ ಹೆಚ್ಚು. ಎಲ್ಲರೂ ಬೀಳುವ ಹಳ್ಳ ಎಲ್ಲಿದೆಯೆಂದು ಅದರಿಂದ ತಿಳಿಯುತ್ತದಂತೆ. ಕಾರ್ಡು ಕಚೇರಿಯ ಗೇಟು ದಾಟಬಾರದು ಎಂಬುದೊಂದೇ ಕಟ್ಟಳೆ.

ಮೊದಲ ಕಾರ್ಡನ್ನು ಮಗುಚಿದೆ.

“ಡ್ರೈವರ್, 50 ಸೆಕೆಂಡ್. ಬುಗುರಿ, ಆಗಲಿಲ್ಲ. ಉತ್ತರ ಹೇಳಿದೆ.”

ಎರಡನೆಯದು. “ಕಾವಲಿನವರು, 70 ಸೆಕೆಂಡ್. ಬುಗುರಿ, ಆಗಲಿಲ್ಲ. ಉತ್ತರ ಹೇಳಿದೆ.”

ಏಳನೆಯದನ್ನು ಬಿಟ್ಟು ಹನ್ನೊಂದು ಕಾರ್ಡುಗಳಲ್ಲೂ ಬುಗುರಿ ಇದ್ದ. ಒಂಬತ್ತರಲ್ಲಿ ಅವನಿಗೆ ಆಗಿರಲಿಲ್ಲ. ಕೊನೆಗೆ ಏಳನೆಯದರ ಹಿಂದೆ ಕ್ಲಿಪ್ಪು ಹಾಕಿಟ್ಟಿದ್ದ ಹಳೆಯ ಕಾರ್ಡು ಕೈಗೆ ಬಂತು. ಸೂಜಿ, ಆಲೂಗಡ್ಡೆ, ನವಿಲುಗರಿ. ಅದರ ಹಿಂಬದಿಯಲ್ಲಿ ಇದ್ದದ್ದು ಒಂದೇ ಸಾಲು.

“ಬುಗುರಿ, 4 ಸೆಕೆಂಡ್. ಅವನಿಗೇ ಬಂತು ಅಂದರೆ ತೀರ ಸುಲಭ. ನವಿಲುಗರಿ ಬೇಡ.”

ಬುಗುರಿ ಎಂದು ಈ ಭೂಮಿಯ ಮೇಲೆ ಒಬ್ಬನನ್ನೇ ಕರೆಯುತ್ತಾರೆ, ಕರೆಯುವವಳೂ ಒಬ್ಬಳೇ. ಚಿಕ್ಕಂದಿನಲ್ಲಿ ನಾನು ಕೂತಲ್ಲಿ ಕೂರುತ್ತಿರಲಿಲ್ಲವೆಂದು ಅಕ್ಕ ಇಟ್ಟ ಹೆಸರು ಅದು.

ಅವಮಾನಕ್ಕೆ ಕಿವಿಯ ತುದಿಯವರೆಗೂ ಉರಿ ಹತ್ತಿತ್ತು. ಗೊತ್ತೇ ಇರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಜೆರಾಕ್ಸ್ ಹಾಳೆಯನ್ನು ಮೊದಲ ದಿನ ನೋಡಿದಾಗಲೇ ಎಲ್ಲೋ ಕೇಳಿದ ಪದಗಳು ಎನಿಸಿತ್ತು. ಊಟದ ಹೊತ್ತಿಗೆ ಅಕ್ಕ ದಿನಕ್ಕೆರಡು ಮೂರು ಕೇಳುತ್ತಿದ್ದಳು. ಎರಡು ತಿಂಗಳಲ್ಲಿ ನೂರು ದಾಟಿರಬೇಕು, ಹೆಚ್ಚಿನವು ಹಳೇ ಪರೀಕ್ಷೆಗಳವು. ಅವಳು ಕೇಳಿದ್ದೆಲ್ಲ ಹಳೇ ವರ್ಷದವೇ ಇರಬಹುದು ಬಿಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ನನ್ನ ಹೆಗಲು ಮುಟ್ಟಿಕೊಳ್ಳುವ ಬದಲು ಇನ್ನೊಬ್ಬರ ಚೀಲಕ್ಕೆ ಕೈ ಹಾಕಿದೆ.

“ಮನೆಗೆ ಯಾಕೆ ತಂದೆ ಅಕ್ಕ?”

“ಇಲ್ಲಿರೋ ಹನ್ನೊಂದು ತಲೆನೂ ಹಳತಾಗಿವೆ ಕಣೋ. ವರ್ಷಗಟ್ಟಲೆ ಕೇಳಿ ಕೇಳಿ ಎಲ್ಲರಿಗೂ ಪಟ್ಟು ಗೊತ್ತಾಗಿಹೋಗಿದೆ. ಹೊಸ ತಲೆ ಬೇಕಿತ್ತು. ನೀನು ಸಿಕ್ಕಿದೆ.” ಅವಳು ಕುರ್ಚಿಗೆ ಒರಗಿದಳು. “ನೀನು ಯಾರಿಗೆ ಹೇಳ್ದೆ?”

ಅದನ್ನು ಹೇಳುವುದು ಕಾರ್ಡು ನೋಡುವುದಕ್ಕಿಂತ ಕಷ್ಟವಾಯಿತು.

ನಮ್ಮ ಬೀದಿಯ ಕೊನೆಯಲ್ಲಿ ಟ್ಯೂಷನ್ ಮೇಷ್ಟ್ರಿದ್ದಾರೆ. ದಿನಾ ಬೆಳಿಗ್ಗೆ ನನ್ನ ಜತೆ ವಾಕಿಂಗಿಗೆ ಬರುತ್ತಾರೆ. “ಇವತ್ತೇನು ಗುರುವೇ?” ಎಂದು ಅವರು ಕೇಳುವುದು, ನಾನು ರಾತ್ರಿ ಕೇಳಿದ ಪದಗಳನ್ನು ಎಸೆಯುವುದು. ಅವರು ತಲೆ ಕೆರೆದುಕೊಂಡು ಸೋತೆ ಎನ್ನುತ್ತಿದ್ದರು. ಆಗ ನಾನು ಉತ್ತರ ಹೇಳಿ, “ನನಗೆ ಮೂರೇ ಸೆಕೆಂಡ್ ಮೇಷ್ಟ್ರೇ,” ಎನ್ನುತ್ತಿದ್ದೆ. ಈ ಹನ್ನೆರಡರಲ್ಲಿ ಒಂಬತ್ತು ಸಲ ಹಾಗೆ ಅಂದದ್ದು ಸುಳ್ಳು. ಆ ಒಂಬತ್ತನ್ನೂ ಅಕ್ಕ ನನಗೆ ಹೇಳಿಕೊಟ್ಟಿದ್ದಳು.

“ಹೊಸದಾಗಿ ಯೋಚಿಸೋ ತಲೆ ಅಂದ್ರೆ ಇದು,” ಎಂದು ಮೇಷ್ಟ್ರು ಹೊಗಳುತ್ತಿದ್ದರು. ಆಮೇಲೆ ಕಲ್ಲುಬೆಂಚಿನ ಮೇಲೆ ಕೂತು ಜೇಬಿನ ಪುಸ್ತಕದಲ್ಲಿ ಏನೋ ಬರೆದುಕೊಳ್ಳುವರು. ನಡೆದ ಹೆಜ್ಜೆ ಬರೆದಿಡಲು ಡಾಕ್ಟರು ಹೇಳಿದ್ದಾರೆ ಎಂದಿದ್ದರು. ಪಕ್ಕದಲ್ಲೇ ಕೂತ ಪತ್ತೇದಾರ ಅದನ್ನೂ ನಂಬಿದ್ದ. ಹಳೇ ಪತ್ರಿಕೆಗಳೆಲ್ಲ ಕೈಯಲ್ಲಿದ್ದ ಅವರಿಗೆ ಹೊಸ ಹನ್ನೆರಡನ್ನು ಬೇರೆ ಮಾಡುವುದು ಕಷ್ಟವಿರಲಿಲ್ಲ. ಮೇಷ್ಟ್ರ ಟ್ಯೂಷನ್ನಿನ ಮೂವತ್ತು ಜನ ಈ ವರ್ಷ ಪರೀಕ್ಷೆಗೆ ಕೂತಿದ್ದರು.

ಎಲ್ಲವನ್ನೂ ಹೇಳಿದೆ. ಅಕ್ಕ ಮಧ್ಯೆ ಬಾಯಿ ಹಾಕಲಿಲ್ಲ, ಬೈಯಲೂ ಇಲ್ಲ.

“ನಿನಗೆ ಆಶ್ಚರ್ಯ ಆಗಲಿಲ್ವಾ?” ಎಂದೆ.

“ಹಾಳೆ ಸಿಕ್ಕಿದ ದಿನವೇ ಗೊತ್ತಾಯ್ತು. ನವಿಲುಗರಿ ನಾನು ತೋರಿಸಿದ್ದು ನಿನಗೊಬ್ಬನಿಗೇ.”

“ಗೊತ್ತಿದ್ದೂ ನನ್ನನ್ನೇ ಯಾಕೆ ತನಿಖೆಗೆ ಕರೆಸಿದೆ?”

ಅವಳು ಮೇಜಿನ ಮೇಲಿನ ಕಾರ್ಡುಗಳನ್ನು ನೋಡಿದಳು.

“ಡೈರೆಕ್ಟರು ಪೊಲೀಸರನ್ನ ಕರೀತೀನಿ ಅಂದ್ರು. ಬೇಡ, ನನ್ನ ತಮ್ಮ ಇದ್ದಾನೆ ಅಂದೆ. ನೀನು ಮೊದಲು ಸಿಕ್ಕಿದ ಉತ್ತರಕ್ಕೇ ಅಂಟಿಕೊಳ್ತೀಯ ಬುಗುರಿ. ಅದರಾಚೆ ಹೋಗಲ್ಲ. ಹನ್ನೆರಡರಲ್ಲಿ ಒಂಬತ್ತು ಸಲ. ಅಂದಾಜಲ್ಲ, ಅಳೆದು ಬರೆದಿಟ್ಟಿದೀನಿ.”

ಬೇರೆ ಯಾರಾದರೂ ಈ ಮಾತು ಅಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವಳು ಅದನ್ನು ತಿರಸ್ಕಾರದಿಂದ ಹೇಳಲಿಲ್ಲ. ಬಟ್ಟೆಯ ಅಳತೆ ಹೇಳುವ ದರ್ಜಿಯಂತೆ ಹೇಳಿದಳು.

“ಪ್ರೂಫಮ್ಮನ ಮೇಲೆ ಹಾಕ್ತೀನಿ ಅಂತಲೂ ಗೊತ್ತಿತ್ತಾ?”

“ಇಲ್ಲ. ಯಾರೂ ಸಿಗದೆ ಮುಗಿಯುತ್ತೆ ಅಂದ್ಕೊಂಡಿದ್ದೆ.” ಮೊದಲ ಬಾರಿಗೆ ಅವಳ ದನಿ ತಗ್ಗಿತು. “ಅವತ್ತು ಅವಳ ಚೀಲದಿಂದ ಬಾಚಣಿಗೆ, ಮಾತ್ರೆ, ಅದೂ ಇದೂ ಬಿತ್ತಲ್ಲ, ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.”

“ಹಾಗಾದ್ರೆ ಈ ಟಿಪ್ಪಣಿ ಯಾಕೆ ಉಳಿಸಿಕೊಂಡೆ? ಅಳಿಸಿದ್ದರೆ ನಾನು ಇಲ್ಲಿವರೆಗೂ ಬರ್ತಿರಲಿಲ್ಲ.”

“ಇಪ್ಪತ್ತಾರು ವರ್ಷದಲ್ಲಿ ಕಾರ್ಡಿನ ಮೇಲೆ ಒಂದು ಸೆಕೆಂಡ್ ಸುಳ್ಳು ಬರೆದಿಲ್ಲ ನಾನು. ಅದು ಸುಳ್ಳಾದ್ರೆ ಅಳತೆಯೇ ಸುಳ್ಳು.”

“ಮನುಷ್ಯರ ವಿಷಯದಲ್ಲಿ?”

ಅವಳು ಪೆನ್ಸಿಲನ್ನು ಮತ್ತೆ ಚೂಪು ಮಾಡತೊಡಗಿದಳು. ನಿವೃತ್ತಿಗೆ ಅವಳಿಗೆ ಇನ್ನು ಎಂಟು ತಿಂಗಳು ಉಳಿದಿತ್ತು. ಕಾರ್ಡು ಗೇಟು ದಾಟಿತೆಂದು ತಿಳಿದರೆ ಆ ಎಂಟು ತಿಂಗಳು ಮಾತ್ರವಲ್ಲ, ಹಿಂದಿನ ಇಪ್ಪತ್ತಾರು ವರ್ಷದ ಒಂದೊಂದು ಪರೀಕ್ಷೆಯನ್ನೂ ಕೆದಕುತ್ತಾರೆ. ನನ್ನ ಹೆಂಡತಿ ಹೋದ ಮೇಲೆ ನನಗೆ ಅನ್ನ ಹಾಕಿದವಳು ಇವಳು. ಇವಳನ್ನು ಉಳಿಸಿದರೆ ಪ್ರೂಫಮ್ಮ ಹೋಗುತ್ತಾರೆ, ಪ್ರೂಫಮ್ಮನನ್ನು ಉಳಿಸಿದರೆ ಇವಳು ಹೋಗುತ್ತಾಳೆ. ಇಬ್ಬರೂ ನನ್ನ ಒಣ ಜಂಭದಿಂದ ಈ ಸ್ಥಿತಿಗೆ ಬಂದವರು.

“ಏನ್ ಮಾಡ್ತೀಯ?” ಎಂದಳು.

“ನೀನೇ ಬಂದು ಹೇಳಿಬಿಡಕ್ಕ. ನಾನೂ ಪಕ್ಕದಲ್ಲಿ ನಿಲ್ತೀನಿ.”

“ಸ್ವಲ್ಪ ಯೋಚನೆ ಮಾಡೋಕೆ ಬಿಡು.”

ನಾನು ಕಿಟಕಿಯ ಬಳಿ ನಿಂತೆ. ಅವಳು ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತಳು. ಇಬ್ಬರಿಗೂ ಹೊತ್ತು ಹೋದದ್ದು ತಿಳಿಯಲಿಲ್ಲ. ಮೇಜಿನ ಫೋನು ಬಡಿದುಕೊಂಡಾಗ ಗಡಿಯಾರ ನೋಡಿದೆ. ನಾಲ್ಕು ಇಪ್ಪತ್ತು.

ಫೋನಿನಲ್ಲಿ ಡೈರೆಕ್ಟರು. “ಎಲ್ಲಿದ್ದೀರ ರೀ? ಎಲ್ಲ ಸಲೀಸಾಯ್ತು, ಆಯಮ್ಮ ಒಪ್ಪಿಕೊಂಡಾಯ್ತು. ಬರೆದೂ ಕೊಟ್ಟಿದ್ದಾರೆ. ಸಾಕ್ಷಿ ಸಹಿ ಒಂದು ಬೇಕು, ಬೇಗ ಬನ್ನಿ.”

ಹೇಗೆ ಇಳಿದೆನೋ ತಿಳಿಯದು. ಕಾರ್ಡು, ಹಾಳೆ, ಚೀಲ ಎಲ್ಲವನ್ನೂ ಮೇಲೆಯೇ ಬಿಟ್ಟು ಓಡಿದ್ದೆ.

*

ಮೂರು ದಿನದ ಹಿಂದಿನ ಅದೇ ಸಭಾಕೋಣೆ, ಅದೇ ಉದ್ದ ಮೇಜು, ಸುತ್ತ ಅದೇ ಜನ. ಪ್ರೂಫಮ್ಮ ಮೇಜಿನ ಕೊನೆಯಲ್ಲಿ ನಿಂತಿದ್ದರು. ಅವರ ಮುಂದೆ ಗುಂಡನೆಯ ಅಕ್ಷರದಲ್ಲಿ ಬರೆದ ಅರ್ಧ ಪುಟ. ‘ಹನ್ನೆರಡೂ ಪ್ರಶ್ನೆಗಳನ್ನು ನಾನೇ ನಕಲು ಮಾಡಿ ಹೊರಗೆ ಕೊಟ್ಟೆ’ ಎಂದು ಅದರಲ್ಲಿತ್ತು.

“ಯಾಕಮ್ಮ ಹೀಗೆ ಬರೆದ್ರಿ?” ಎಂದು ಮೆಲ್ಲಗೆ ಕೇಳಿದೆ.

“ನಾಲ್ಕಕ್ಕೆ ಬರ್ತೀರಿ ಅಂದ್ಕೊಂಡಿದ್ದೆ,” ಎಂದರು. “ಕಾಲು ಗಂಟೆ ಕಾದೆ. ನವಿಲುಗರಿ ಇದ್ದ ಹಾಳೆ ನಿಮ್ಮ ಹತ್ತಿರಾನೇ ಇತ್ತು. ಬರೆದುಕೊಡದಿದ್ರೆ ಪೊಲೀಸರನ್ನ ಮನೆಗೆ ಕಳಿಸ್ತೀವಿ ಅಂದ್ರು. ಮನೇಲಿ ಅತ್ತೆ ಒಬ್ಬರೇ ಇದ್ದಾರೆ.”

ಡೈರೆಕ್ಟರು ಕಾಗದವನ್ನು ನನ್ನ ಕಡೆ ಸರಿಸಿದರು. “‘ನನ್ನೆದುರು ಸ್ವಇಚ್ಛೆಯಿಂದ ಬರೆದದ್ದು’ ಅಂತ ಒಂದು ಸಾಲು ಹಾಕಿ ಸಹಿ ಮಾಡಿ.”

ಕಾಗದವನ್ನು ಎತ್ತಿಕೊಂಡು ಎರಡಾಗಿ ಹರಿದೆ. ಅದು ಅಡ್ಡಾದಿಡ್ಡಿ ಹರಿಯಿತು.

“ಇವರು ಬರೆದದ್ದು ಸುಳ್ಳು,” ಎಂದೆ. “ಮೂರು ದಿನದ ಹಿಂದೆ ನಾನು ಹೇಳಿದ್ದೂ ಸುಳ್ಳು. ಆ ಪದಗಳು ಹೊರಗೆ ಹೋದದ್ದು ನನ್ನ ಬಾಯಿಂದ. ದೊಡ್ಡಸ್ತಿಕೆ ತೋರಿಸೋಕೆ ಒಬ್ಬರ ಹತ್ತಿರ ದಿನಾ ಹೇಳ್ತಿದ್ದೆ. ಇವರ ಚೀಲಕ್ಕೆ ಕೈ ಹಾಕಿದ್ದಕ್ಕೆ ನಿಮ್ಮೆಲ್ಲರ ಎದುರು ಕ್ಷಮೆ ಕೇಳ್ತೀನಿ.”

ಪ್ರೂಫಮ್ಮ ತಲೆಯೆತ್ತಿ ನೋಡಿದರು. ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

ಡೈರೆಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಹೊರಗಿನವರು. ಪರೀಕ್ಷೆಗೆ ಮುಂಚೆ ಆ ಪದ ನಿಮಗೆ ಹೇಗೆ ಸಿಕ್ತು?”

ಅಷ್ಟರಲ್ಲಿ ಅಕ್ಕ ಒಳಗೆ ಬಂದಳು. ಹೇಳಲು ಬಂದಳು ಎಂದುಕೊಂಡು ನನ್ನ ಎದೆ ಹಗುರವಾಯಿತು. ಹನ್ನೆರಡು ಕಾರ್ಡುಗಳನ್ನು ಅವಳೇ ತಂದಿದ್ದಳು. ಡೈರೆಕ್ಟರ ಮುಂದೆ ಅವುಗಳನ್ನು ಮಗುಚಿ, ಹಿಂಬದಿ ಮೇಲೆ ಬರುವಂತೆ ಸಾಲಾಗಿ ಇಟ್ಟಳು.

ಡ್ರೈವರ್. ಕಾವಲಿನವರು. ಮತ್ತೆ ಡ್ರೈವರ್. ಬುಗುರಿ ಎಲ್ಲೂ ಇರಲಿಲ್ಲ. ನವಿಲುಗರಿಯ ಹಳೆಯ ಕಾರ್ಡೇ ಅಲ್ಲಿರಲಿಲ್ಲ. ಅವಳ ಕಪ್ಪು ಸ್ವೆಟರಿನ ತೋಳಿಗೆ ರಬ್ಬರಿನ ಪುಡಿ ಮೆತ್ತಿಕೊಂಡಿತ್ತು.

“ಕಾರ್ಡುಗಳೆಲ್ಲ ಇಲ್ಲೇ ಇವೆ ಸಾರ್, ಒಂದೂ ಗೇಟು ದಾಟಿಲ್ಲ,” ಎಂದಳು ಡೈರೆಕ್ಟರಿಗೆ. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು, ದನಿ ಮಾತ್ರ ಅಲುಗಲಿಲ್ಲ.

“ಹೇಳಪ್ಪ, ನಿನಗೆ ಕೊಟ್ಟವರು ಯಾರು?”